ಬಜೆಟ್ ಅಂಕಿ ಎಷ್ಟು ನಂಬಬಹುದು? ಕೋಲಾರದ ಮಂಡಿ ಬೀದಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದ ಎಪಿಎಂಸಿ ಹತ್ತಿರ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ಮಂಡಿ ಮಾಲೀಕರು, ಸಣ್ಣ ಗುತ್ತಿಗೆದಾರರು, ಗೊಬ್ಬರದ ಅಂಗಡಿಯವರು, ಇವರ ಜಿಎಸ್‌ಟಿ ರಿಟರ್ನ್ ಹಾಕುವುದೇ ನನ್ನ ಹೊಟ್ಟೆಪಾಡು. ಫೆಬ್ರುವರಿ 1ಕ್ಕೆ ಕೇಂದ್ರದ ಬಜೆಟ್ ಬರುತ್ತದೆ. ಅದರ ಹಿಂದೆಯೇ ರಾಜ್ಯದ್ದು. ಎರಡೂ ಸಲ ಟೀ ಅಂಗಡಿಯಲ್ಲಿ ಜನ ಹಿಡಿದು ನಿಲ್ಲಿಸುತ್ತಾರೆ. "ಏನಣ್ಣ, ಕೊರತೆ ಇಷ್ಟೇ ಅಂತಾರಲ್ಲ, ನಿಜಾನಾ?" ಪ್ರತಿ ವರ್ಷ ಅದೇ ಉತ್ತರ ಹೇಳಿ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆದು ಇಟ್ಟಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಪಕ್ಷ ಹುಡುಕಬೇಡಿ. ಕೆಳಗಿನ ಆಟ ಎಲ್ಲರೂ ಆಡಿದ್ದಾರೆ.

ಕೊರತೆ ಅಂದರೆ ಸರ್ಕಾರಕ್ಕೆ ನಷ್ಟ ಅಂತಲಾ?

ಅಲ್ಲ. ಆ ವರ್ಷ ಎಷ್ಟು ಹೊಸ ಸಾಲ ಬೇಕು ಅನ್ನುವ ಲೆಕ್ಕ ಅದು. ರಾಜ್ಯದ 2025-26ರ ಬಜೆಟ್ಟನ್ನೇ ಬಿಡಿಸಿ ನೋಡೋಣ. ತೆರಿಗೆ, ಕೇಂದ್ರದ ಪಾಲು ಎಲ್ಲಾ ಸೇರಿ ಬರುವ ಆದಾಯ 2,92,477 ಕೋಟಿ ಅಂತ ಅಂದಾಜು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಗ್ಯಾರಂಟಿ, ಅಂದರೆ ದಿನದ ಖರ್ಚು 3,11,739 ಕೋಟಿ. ಇವೆರಡರ ನಡುವಿನ 19,262 ಕೋಟಿ ರಾಜಸ್ವ ಕೊರತೆ. ಇದರ ಮೇಲೆ ರಸ್ತೆ, ಕಾಲುವೆ, ಕಟ್ಟಡಕ್ಕೆ 71,336 ಕೋಟಿ ಬೇಕು. ಚಿಲ್ಲರೆ ಕಳೆದು ಕೂಡಿದರೆ 90,428 ಕೋಟಿ. ಇದೇ ವಿತ್ತೀಯ ಕೊರತೆ.

ಟ್ರ್ಯಾಕ್ಟರ್ ತಗೊಳ್ಳಲು ಸಾಲ ಮಾಡುವುದು ಒಂದು. ದಿನಸಿ ಅಂಗಡಿ ಬಾಕಿ ತೀರಿಸಲು ಸಾಲ ಮಾಡುವುದು ಇನ್ನೊಂದು. ರಾಜಸ್ವ ಕೊರತೆ ಎರಡನೇ ಜಾತಿಯದು. ಕರ್ನಾಟಕದಲ್ಲಿ 2004-05ರಿಂದ ಕೋವಿಡ್ ಬರುವವರೆಗೂ ಈ ಕಲಂನಲ್ಲಿ ಉಳಿತಾಯವೇ ಇತ್ತು.

ಒಂದೇ ವರ್ಷಕ್ಕೆ ಮೂರು ಮೂರು ಅಂಕಿ ಯಾಕೆ ಕೊಡುತ್ತಾರೆ?

ಮೊದಲನೆಯದು ಬಜೆಟ್ ಅಂದಾಜು. ವರ್ಷ ಶುರುವಾಗುವ ಮುಂಚೆ ಹೇಳಿದ್ದು. ಎರಡನೆಯದು ಪರಿಷ್ಕೃತ ಅಂದಾಜು. ಅದೇ ವರ್ಷ ಮುಗಿಯಲು ಒಂದೆರಡು ತಿಂಗಳಿದ್ದಾಗ ತಿದ್ದಿ ಹೇಳಿದ್ದು. ಮೂರನೆಯದು ವಾಸ್ತವ ಲೆಕ್ಕ. ವರ್ಷ ಮುಗಿದು, ಲೆಕ್ಕ ಕೂಡಿಸಿ, ಆಮೇಲೆ ಬರುವುದು.

ಟಿವಿಯಲ್ಲಿ ಚರ್ಚೆ ಆಗುವುದು ಮೊದಲನೆಯದರ ಮೇಲೆ. ಎರಡನೆಯದು ಬರುವುದು ಮುಂದಿನ ಬಜೆಟ್ ದಿನ. ಅವತ್ತು ಎಲ್ಲರ ಕಣ್ಣೂ ಹೊಸ ಘೋಷಣೆ ಮೇಲೆ. ಮೂರನೆಯದು ಬರುವ ಹೊತ್ತಿಗೆ ಕೇಳುವವರೇ ಇರುವುದಿಲ್ಲ. ನನ್ನ ಪ್ರಕಾರ ಓದಬೇಕಾದದ್ದು ಆ ಮೂರನೆಯದನ್ನೇ.

ಅಂದಾಜು ಅಂದಮೇಲೆ ತಪ್ಪುವುದು ಸಹಜ ಅಲ್ವಾ?

ಸಹಜ. ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ಯಾವ ಕಡೆಗೆ ತಪ್ಪುತ್ತದೆ ಅನ್ನುವುದು ಪ್ರಶ್ನೆ.

ನಮ್ಮಪ್ಪ ಶ್ರೀನಿವಾಸಪುರ ಕಡೆ ಟೊಮೆಟೊ ಬೆಳೆಯುತ್ತಿದ್ದರು. ಒಂದು ಉದ್ದನೆ ನೋಟ್‌ಬುಕ್ ಇತ್ತು. ನಾಟಿ ಮಾಡುವಾಗ ಪೆನ್ಸಿಲ್‌ನಲ್ಲಿ ಅಂದಾಜು ಬರೆಯುವರು: ಇಷ್ಟು ಬಾಕ್ಸ್, ಬಾಕ್ಸ್‌ಗೆ ಇಷ್ಟು ರೇಟು. ಹರಾಜು ಮುಗಿದ ಮೇಲೆ ಪಕ್ಕದಲ್ಲೇ ಪೆನ್ನಿನಲ್ಲಿ ಬರೆಯುವರು. ಪೆನ್ಸಿಲ್ 250 ಅಂದರೆ ಪೆನ್ನು 90. ಪೆನ್ಸಿಲ್ 300, ಪೆನ್ನು 180. ಪುಟ ತಿರುಗಿಸಿದಷ್ಟೂ ಹೀಗೇ. ಸುಮ್ನೆ ಗುರಿ ತಪ್ಪಿದ್ದರೆ ಅರ್ಧ ಸಲ ಮೇಲೆ, ಅರ್ಧ ಸಲ ಕೆಳಗೆ ಇರಬೇಕಿತ್ತು. ಇದು ಒಂದೇ ಕಡೆ ವಾಲಿತ್ತು. ಒಂದು ದಿನ ಕೇಳಿದೆ, ಯಾಕಪ್ಪ ಹೀಗೆ ಅಂತ. "ಅದು ಮಂಡಿಯವನಿಗೆ ತೋರಿಸೋ ಅಂದಾಜು ಕಣೋ" ಅಂದರು. ಬಿತ್ತನೆಗೆ ಮುಂಗಡ ಕೊಡುವವನು ಆ ಪುಟ ನೋಡುತ್ತಿದ್ದ. ಮನೆಗೆ ಇಟ್ಟುಕೊಂಡ ಅಂದಾಜು ಅವರ ತಲೆಯಲ್ಲೇ ಇತ್ತು. ಅದು ಬೇರೆ.

ಬಜೆಟ್ ಕೂಡ ತೋರಿಸುವ ಅಂದಾಜೇ. ಸಾಲ ಕೊಡುವವರಿಗೆ, ರೇಟಿಂಗ್ ಕಂಪನಿಗಳಿಗೆ, ಮತದಾರರಿಗೆ ತೋರಿಸುವುದು. ಆದಾಯ ಸ್ವಲ್ಪ ಜಾಸ್ತಿ ಬರೆದರೆ ಕೊರತೆ ತಾನಾಗಿ ಕಡಿಮೆ ಕಾಣುತ್ತದೆ. ಘೋಷಣೆ ಮಾಡಲು ಜಾಗ ಸಿಗುತ್ತದೆ. ಒಂದು ವರ್ಷ ಆದಮೇಲೆ ಬಂದು ಕೇಳುವವರು ಯಾರು?

ನಿಜಕ್ಕೂ ಎಷ್ಟು ತಪ್ಪಿದೆ? ಉದಾಹರಣೆ ಕೊಡಿ.

ಕೇಂದ್ರದ್ದು ನೋಡಿ. 2008-09ಕ್ಕೆ ಕೊರತೆ ಜಿಡಿಪಿಯ ಶೇ 2.5 ಅಂತ ಹೇಳಿದ್ದರು. ಆದದ್ದು ಶೇ 6ರ ಹತ್ತಿರ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬ್ಯಾಂಕು ಮುಳುಗಿದ್ದು ನಿಜ. ಆದರೆ ರೈತರ ಸಾಲಮನ್ನಾ ಘೋಷಣೆ ಆದದ್ದು ಅದೇ ಬಜೆಟ್‌ನಲ್ಲಿ. ಮುಂದಿನ ವರ್ಷ ಚುನಾವಣೆ ಬೇರೆ ಇತ್ತು.

2020-21ಕ್ಕೆ ಶೇ 3.5 ಅಂದರು, ಆದದ್ದು ಶೇ 9.2. ಇದನ್ನು ನಾನು ತಪ್ಪಿನ ಲೆಕ್ಕಕ್ಕೆ ಹಾಕುವುದಿಲ್ಲ. ಕೋವಿಡ್ ಯಾರಿಗೆ ಗೊತ್ತಿತ್ತು? ಅದರ ಹಿಂದಿನ ವರ್ಷ ಮಾತ್ರ ಹಾಗಲ್ಲ. 2019-20ಕ್ಕೆ ಮೊದಲು ಶೇ 3.3 ಅಂದರು. ಆಮೇಲೆ 3.8 ಮಾಡಿದರು. ಕೊನೆಗೆ 4.6 ಆಯಿತು. ದೇಶದ ಆದಾಯ ಬೆಲೆ ಏರಿಕೆಯೂ ಸೇರಿ ಶೇ 12 ಬೆಳೆಯುತ್ತದೆ ಅಂತ ಅಂದಾಜು ಹಾಕಿದ್ದರು. 2020ರ ಜನವರಿಯಲ್ಲಿ, ಕೋವಿಡ್ ಇನ್ನೂ ನಮ್ಮಲ್ಲಿಗೆ ಬರುವ ಮುಂಚೆ, ಸರ್ಕಾರದ್ದೇ ಲೆಕ್ಕ ಶೇ 7.5ಕ್ಕೆ ಇಳಿದಿತ್ತು.

ನನ್ನನ್ನು ಹೆಚ್ಚು ಕಾಡುವುದು 2018-19. ಕೇಂದ್ರಕ್ಕೆ ನಿವ್ವಳ ತೆರಿಗೆ, ಅಂದರೆ ರಾಜ್ಯಗಳ ಪಾಲು ಕಳೆದು ಉಳಿಯುವುದು, 14.84 ಲಕ್ಷ ಕೋಟಿ ಬರುತ್ತದೆ ಅಂತ ಪರಿಷ್ಕೃತ ಅಂದಾಜು ಕೊಟ್ಟರು. ಅದು 2019ರ ಫೆಬ್ರುವರಿ. ವರ್ಷ ಮುಗಿಯಲು ಎರಡೇ ತಿಂಗಳು. ಬಂದದ್ದು 13.17 ಲಕ್ಷ ಕೋಟಿ. ಹತ್ತು ತಿಂಗಳ ಲೆಕ್ಕ ಕೈಯಲ್ಲಿ ಹಿಡಿದುಕೊಂಡು 1.67 ಲಕ್ಷ ಕೋಟಿ ತಪ್ಪುವುದು ಹೇಗೆ? ನನ್ನ ಗಿರಾಕಿ ಒಬ್ಬರು ಜನವರಿ ಮುಗಿದ ಮೇಲೆ ಇಂಥ ಅಂದಾಜು ತಂದರೆ ನಾನು ಬ್ಯಾಂಕಿಗೆ ಕಳಿಸುವುದಿಲ್ಲ.

ಸರ್ಕಾರಿ ಕಂಪನಿಗಳ ಷೇರು ಮಾರಾಟದ್ದು ಇನ್ನೂ ತಮಾಷೆ. 2020-21ಕ್ಕೆ 2.1 ಲಕ್ಷ ಕೋಟಿ ಗುರಿ, ತಿದ್ದಿದ ಮೇಲೆ 32 ಸಾವಿರ ಕೋಟಿ. ಮರುವರ್ಷ 1.75 ಲಕ್ಷ ಕೋಟಿ ಗುರಿ, ತಿದ್ದಿದ ಮೇಲೆ 78 ಸಾವಿರ ಕೋಟಿ, ಕೊನೆಗೆ ಕೈಗೆ ಬಂದದ್ದು 15 ಸಾವಿರ ಕೋಟಿಯೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ.

ರಾಜ್ಯದ್ದು? ಅಬಕಾರಿ ನೋಡಿ. 2024-25ಕ್ಕೆ 38,525 ಕೋಟಿ ಗುರಿ ಇಟ್ಟರು. ಮುಟ್ಟಲಿಲ್ಲ. ಮರುವರ್ಷ ಗುರಿ 40,000 ಕೋಟಿ.

ಹಾಗಾದರೆ ಎಲ್ಲಾ ಸುಳ್ಳು ಅನ್ನಿ.

ಅನ್ನುವುದಿಲ್ಲ. ಟೀ ಅಂಗಡಿಯಲ್ಲಿ ಹಾಗೆ ಅಂದರೆ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಲೆಕ್ಕ ಹಾಗೆ ಹೇಳುವುದಿಲ್ಲ.

ಕೋವಿಡ್ ಆದಮೇಲೆ ಕೇಂದ್ರದ ಕೊರತೆ ಅಂದಾಜು ಹೆಚ್ಚುಕಡಿಮೆ ಸರಿಯಾಗೇ ಬಂದಿದೆ. 2021-22ಕ್ಕೆ ಶೇ 6.8 ಅಂದರು, 6.7 ಆಯಿತು. 2022-23ಕ್ಕೆ 6.4 ಅಂದರು, 6.4 ಆಯಿತು. 2023-24ಕ್ಕೆ 5.9 ಅಂದರು, 5.6 ಆಯಿತು. 2021-22ರಲ್ಲಿ ತೆರಿಗೆ 15.45 ಲಕ್ಷ ಕೋಟಿ ಅಂತ ಬರೆದಿದ್ದರು. ಅದನ್ನು ಮೇಲಕ್ಕೆ ತಿದ್ದಿ 17.65 ಮಾಡಬೇಕಾಯಿತು. ಒಮ್ಮೆ ಕೈ ಸುಟ್ಟುಕೊಂಡವರು ಮುಂದಿನ ಸಲ ಕಡಿಮೆ ಬರೆಯುತ್ತಾರೆ.

2021ರ ಫೆಬ್ರುವರಿಯಲ್ಲಿ ಇನ್ನೊಂದು ಒಳ್ಳೇ ಕೆಲಸವೂ ಆಯಿತು. ಅಲ್ಲಿವರೆಗೆ ಪಡಿತರದ ಸಬ್ಸಿಡಿಯ ದೊಡ್ಡ ಭಾಗವನ್ನು ಬಜೆಟ್‌ನಲ್ಲಿ ತೋರಿಸದೆ, ಆಹಾರ ನಿಗಮದ ಹೆಸರಲ್ಲಿ ಸಾಲ ಎತ್ತಿಸಿ ನಡೆಸುತ್ತಿದ್ದರು. ಆ ವರ್ಷ ಅದನ್ನೆಲ್ಲ ಪುಸ್ತಕದೊಳಗೆ ತಂದರು. ಆಹಾರ ಸಬ್ಸಿಡಿ 1,15,570 ಕೋಟಿ ಇದ್ದದ್ದು ಪರಿಷ್ಕೃತ ಅಂದಾಜಿನಲ್ಲಿ 4,22,618 ಕೋಟಿ ಆಯಿತು. ಉಚಿತ ಪಡಿತರದ ಖರ್ಚೂ ಅದರಲ್ಲಿದೆ, ಆದರೆ ದೊಡ್ಡ ಪಾಲು ಹಳೇ ಬಾಕಿ.

ಅದೃಷ್ಟವೂ ಕೈ ಹಿಡಿದಿದೆ. 2024-25ಕ್ಕೆ ರಿಸರ್ವ್ ಬ್ಯಾಂಕು, ಸರ್ಕಾರಿ ಬ್ಯಾಂಕು ಎಲ್ಲಾ ಸೇರಿ ಸುಮಾರು 1 ಲಕ್ಷ ಕೋಟಿ ಲಾಭಾಂಶ ಕೊಡಬಹುದು ಅಂತ ಅಂದಾಜಿತ್ತು. 2024ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಒಂದೇ 2,10,874 ಕೋಟಿ ಕೊಟ್ಟಿತು. 2023ರ ಜುಲೈನಲ್ಲಿ ನಮ್ಮ ಮಂಡಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದ ಹಾಗೆ. ಅದನ್ನು ನೋಡಿ ಮರುವರ್ಷಕ್ಕೆ ಲೆಕ್ಕ ಹಾಕಿದವರ ಕಥೆ ನಿಮಗೇ ಗೊತ್ತು.

ಕೊರತೆ ಹೇಳಿದಷ್ಟೇ ಬಂತು ಅಂದರೆ ಒಳ್ಳೇದೇ ಅಲ್ವಾ? ಇನ್ನೇನು ಅನುಮಾನ?

ಇದನ್ನು ಕೇಳುವವರು ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಇದೇ.

ಕೊರತೆ ಅಂದರೆ ಖರ್ಚಿನಲ್ಲಿ ಆದಾಯ ಕಳೆದದ್ದು. ಆದಾಯ ಕಡಿಮೆ ಬಂದರೂ ಕೊರತೆ ಹೇಳಿದಷ್ಟೇ ಇರಬೇಕು ಅಂದರೆ ದಾರಿ ಒಂದೇ. ಖರ್ಚು ನಿಲ್ಲಿಸಬೇಕು. ಯಾವ ಖರ್ಚು? ಸಂಬಳ ನಿಲ್ಲಿಸಲು ಆಗುವುದಿಲ್ಲ. ಬಡ್ಡಿ ನಿಲ್ಲಿಸಲು ಆಗುವುದಿಲ್ಲ. ನಿಲ್ಲುವುದು ಪೈಪು, ಕಾಲುವೆ, ರಸ್ತೆ.

2024-25ರಲ್ಲಿ ಕೇಂದ್ರದ ಕೊರತೆ ಶೇ 4.9 ಅಂತ ಹೇಳಿ 4.8ಕ್ಕೇ ಮುಗಿಸಿದರು. ಭೇಷ್ ಅನ್ನಿಸುತ್ತದೆ. ಅದೇ ಪುಸ್ತಕದ ಇನ್ನೊಂದು ಪುಟ ತೆಗೆಯಿರಿ. ಮನೆಮನೆಗೆ ನಲ್ಲಿ ಹಾಕುವ ಜಲಜೀವನ್ ಮಿಷನ್‌ಗೆ 70,163 ಕೋಟಿ ಅಂತ ಬರೆದಿದ್ದರು. ತಿದ್ದಿದ ಮೇಲೆ 22,694 ಕೋಟಿ. ಬಂಡವಾಳ ವೆಚ್ಚ, ಅಂದರೆ ರಸ್ತೆ, ಕಟ್ಟಡದಂಥ ಬಾಳುವ ಆಸ್ತಿಗೆ ಹಾಕುವ ದುಡ್ಡು, ಒಟ್ಟಾರೆ 11.11 ಲಕ್ಷ ಕೋಟಿಯಿಂದ 10.18 ಲಕ್ಷ ಕೋಟಿಗೆ ಇಳಿಯಿತು. ಎಲ್ಲಾ ಕಡಿತವೂ ಕೊರತೆ ತಗ್ಗಿಸಲೆಂದೇ ಮಾಡಿದ್ದಲ್ಲ, ಕೆಲಸ ನಿಧಾನ ಆಗಿಯೂ ಹಣ ಉಳಿಯುತ್ತದೆ. ಏನೇ ಇರಲಿ, ಕೊರತೆಯ ಅಂಕಿ ಚೆನ್ನಾಗಿ ಕಂಡಿತು. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಕಾಣದ ಊರುಗಳಿರುವ ನಮ್ಮ ಜಿಲ್ಲೆಯಲ್ಲಿ ನಲ್ಲಿ ಬಂತೋ ಇಲ್ಲವೋ ಅನ್ನುವುದು ಆ ಅಂಕಿಯೊಳಗೆ ಕಾಣುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಕೆಲಸ ಮಾಡಿಸಿಕೊಂಡು ಬಿಲ್ ಪಾವತಿಸದೇ ಇರುವುದು. ನಮ್ಮ ಸರ್ಕಾರಿ ಲೆಕ್ಕ ನಗದು ಲೆಕ್ಕ. ದುಡ್ಡು ಖಜಾನೆಯಿಂದ ಹೊರಗೆ ಹೋದಾಗ ಮಾತ್ರ ಖರ್ಚು. ಅಲ್ಲಿವರೆಗೆ ಅದು ಖರ್ಚೇ ಅಲ್ಲ, ಕೊರತೆಯೂ ಅಲ್ಲ. ನನ್ನ ಗಿರಾಕಿ ಒಬ್ಬರು ಬಂಗಾರಪೇಟೆ ಕಡೆ ಒಂದು ಇಲಾಖೆಗೆ ಚರಂಡಿ ಕಟ್ಟಿ ಕೊಟ್ಟರು. ಅಳತೆ ಪುಸ್ತಕಕ್ಕೆ ಸಹಿ ಆಯಿತು. ಬಿಲ್ ಪಾಸಾಯಿತು. ಮಾರ್ಚ್ 31ರ ರಾತ್ರಿ ಹತ್ತು ಗಂಟೆವರೆಗೆ ಮೊಬೈಲ್ ಹಿಡಿದು ನನ್ನ ಅಂಗಡಿಯಲ್ಲೇ ಕೂತಿದ್ದರು. ಮೆಸೇಜ್ ಬರಲಿಲ್ಲ. ಅನುದಾನ ಮುಗಿದಿದೆ, ಮುಂದಿನ ವರ್ಷ ನೋಡೋಣ ಅಂದರಂತೆ. ಎರಡು ವರ್ಷ ಆಯಿತು. ಸಿಮೆಂಟ್ ಅಂಗಡಿಯವರಿಗೆ ಅವರು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಕಟ್ಟುತ್ತಿದ್ದಾರೆ. ಲೆಕ್ಕದ ಪ್ರಕಾರ ಆ ಚರಂಡಿಯ ಮಟ್ಟಿಗೆ ಸರ್ಕಾರಕ್ಕೆ ಕೊರತೆ ಇಲ್ಲ. ಕೊರತೆ ಇರುವುದು ಅವರ ಮನೆಯಲ್ಲಿ.

ಶೇ 2.95, ಶೇ 24.91 ಅಂತೆಲ್ಲ ಬರುತ್ತಲ್ಲ, ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತಾರೆ?

ಒಳ್ಳೇ ಕಣ್ಣು ನಿಮ್ಮದು. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿತು. ದೇಶದಲ್ಲಿ ಮೊದಲನೇ ರಾಜ್ಯ. ಅದರ ಗೆರೆ ಹೀಗಿದೆ: ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಸಾಲ ಶೇ 25 ದಾಟಬಾರದು. ಈಗ ಅಂಕಿ ನೋಡಿ. 2024-25ರ ಬಜೆಟ್‌ನಲ್ಲಿ ಕೊರತೆ ಶೇ 2.95. 2025-26ರಲ್ಲೂ ಶೇ 2.95. ಸಾಲ 7,64,655 ಕೋಟಿ, ಶೇ 24.91. ಪರೀಕ್ಷೆಯಲ್ಲಿ ವರ್ಷಾ ವರ್ಷಾ ಸರಿಯಾಗಿ 35 ಅಂಕ ತೆಗೆಯುವ ಹುಡುಗನನ್ನು ನೋಡಿದರೆ ಮೇಷ್ಟ್ರಿಗೆ ಏನನ್ನಿಸುತ್ತದೆ?

ಕೀಲಿ ಇರುವುದು ಭಾಗಾಕಾರದಲ್ಲಿ. ಮೇಲೆ ಸಾಲ, ಕೆಳಗೆ ರಾಜ್ಯದ ಉತ್ಪನ್ನ. ಮೇಲಿನದ್ದು ಅಂದಾಜು, ಕೆಳಗಿನದ್ದೂ ಅಂದಾಜು. 24.91 ಬರಬೇಕಾದರೆ ಉತ್ಪನ್ನ ಸುಮಾರು 30.7 ಲಕ್ಷ ಕೋಟಿ ಇರಬೇಕು. ಅದು ಬರೀ ಶೇ 1 ಕಡಿಮೆ ಬರಲಿ, ಅಂದರೆ 30.4 ಲಕ್ಷ ಕೋಟಿ. ಅದೇ ಸಾಲ ಆಗ ಶೇ 25.16 ಆಗುತ್ತದೆ. ಒಂದು ರೂಪಾಯಿ ಹೊಸ ಸಾಲ ಮಾಡದೇ ಗೆರೆ ದಾಟಿದ ಹಾಗಾಯಿತು. ಮಳೆ ಒಂದು ತಿಂಗಳು ಕೈಕೊಟ್ಟರೆ, ಬೆಂಗಳೂರಿನ ಐಟಿ ಸ್ವಲ್ಪ ನಿಧಾನ ಆದರೆ ಆಗುವ ವ್ಯತ್ಯಾಸ ಅದು.

2023ರಲ್ಲಿ ಇದು ಕಣ್ಣೆದುರೇ ನಡೆಯಿತು. ಒಂದೇ ವರ್ಷಕ್ಕೆ ಎರಡು ಬಜೆಟ್. ಫೆಬ್ರುವರಿಯಲ್ಲಿ ಬಸವರಾಜ ಬೊಮ್ಮಾಯಿ ಮಂಡಿಸಿದರು: ರಾಜಸ್ವದಲ್ಲಿ 402 ಕೋಟಿ ಉಳಿತಾಯ. ಚುನಾವಣೆ ಆಯಿತು. ಜುಲೈನಲ್ಲಿ ಸಿದ್ದರಾಮಯ್ಯ ಮಂಡಿಸಿದರು: 12,523 ಕೋಟಿ ಕೊರತೆ. ವಿತ್ತೀಯ ಕೊರತೆ ಸುಮಾರು 6 ಸಾವಿರ ಕೋಟಿ ಏರಿ 66,646 ಕೋಟಿ ಆಯಿತು. ಶೇಕಡಾವಾರು? ಎರಡರಲ್ಲೂ 2.6. ಕೆಳಗಿನ ಅಂಕಿ, ಅಂದರೆ ರಾಜ್ಯದ ಉತ್ಪನ್ನದ ಅಂದಾಜು, ಅಷ್ಟರಲ್ಲಿ ಬೆಳೆದಿತ್ತು.

ಬಜೆಟ್ ಹೊರಗಿನ ಸಾಲ ಅಂದರೇನು?

ಮನೆ ಯಜಮಾನ ತನ್ನ ಹೆಸರಲ್ಲಿ ಸಾಲ ಮಾಡದೆ ಮಗನ ಹೆಸರಲ್ಲಿ ಮಾಡಿಸುವುದು. ಕಂತು ಕಟ್ಟುವವನು ಯಜಮಾನನೇ. ಸರ್ಕಾರದ ನಿಗಮಗಳು ಸಾಲ ಎತ್ತುತ್ತವೆ, ಅಸಲು ಬಡ್ಡಿ ಸರ್ಕಾರ ತೀರಿಸುತ್ತದೆ, ಆ ವರ್ಷದ ಕೊರತೆಯಲ್ಲಿ ಮಾತ್ರ ಕಾಣುವುದಿಲ್ಲ. 2022ರಿಂದ ಕೇಂದ್ರ ಇಂಥ ಸಾಲವನ್ನೂ ರಾಜ್ಯಗಳ ಸಾಲದ ಮಿತಿಯೊಳಗೆ ಸೇರಿಸಿ ಲೆಕ್ಕ ಹಿಡಿಯಲು ಶುರುಮಾಡಿತು. ಅದಕ್ಕೆ ಒಂದೇ ವರ್ಷ ಮುಂಚೆವರೆಗೂ ಆಹಾರ ನಿಗಮದ ಹೆಸರಲ್ಲಿ ತಾನೂ ಅದನ್ನೇ ಮಾಡುತ್ತಿತ್ತು ಅನ್ನುವುದು ಬೇರೆ ಮಾತು.

ನಮ್ಮ ಕಡೆಗೆ ಅಂತ ಘೋಷಿಸಿದ ದುಡ್ಡಿನ ಕಥೆ ಏನು?

ಮೂರು ಹೇಳುತ್ತೇನೆ. ಮೂರಕ್ಕೂ ಮೂರು ಥರ.

ಭದ್ರಾ ಮೇಲ್ದಂಡೆ. ತುಮಕೂರಿನ ಶಿರಾ, ಪಾವಗಡ ಕಡೆಯವರು ಕಾಯುತ್ತಿರುವ ನೀರು. 2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲೇ 5,300 ಕೋಟಿ ನೆರವು ಅಂತ ನಿರ್ಮಲಾ ಸೀತಾರಾಮನ್ ಓದಿದರು. ಆ ದುಡ್ಡು ಬಂದಿಲ್ಲ ಅಂತ ರಾಜ್ಯ ಸರ್ಕಾರ 2024ರಲ್ಲಿ ಕೇಳಿತು, 2025ರಲ್ಲೂ ಕೇಳಿತು. ಭಾಷಣದಲ್ಲಿ ಓದಿದ ಅಂಕಿಗೂ ಬ್ಯಾಂಕಿಗೆ ಬಂದ ಅಂಕಿಗೂ ಇರುವ ದೂರ ಅಷ್ಟು.

ಎತ್ತಿನಹೊಳೆ. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಯೋಜನೆ. 2012ರಲ್ಲಿ ಅಂದಾಜು 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಇಲ್ಲಿ ದುಡ್ಡು ಬಂದಿಲ್ಲ ಅನ್ನುವ ಹಾಗಿಲ್ಲ, ಬೇಕಾದಷ್ಟು ಬಂದಿದೆ. ಅಂದಾಜೇ ನಿಲ್ಲಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಬಾಗಿನ ಬಿಟ್ಟರು, ಸಕಲೇಶಪುರದ ಹತ್ತಿರ. ಅಲ್ಲಿಂದ ನಮ್ಮ ಕೆರೆಗಳಿಗೆ ಎಷ್ಟು ದೂರ ಅಂತ ನಕ್ಷೆ ತೆಗೆದು ನೋಡಿ. ಶುರುವಿನಲ್ಲೇ 23 ಸಾವಿರ ಕೋಟಿ ಅಂದಿದ್ದರೆ ಈ ಯೋಜನೆಗೆ ಒಪ್ಪಿಗೆ ಸಿಗುತ್ತಿತ್ತಾ? ಯೋಜನೆ ಬೇಡ ಅಂತ ಹೇಳುತ್ತಿಲ್ಲ. ಕಡಿಮೆ ಅಂದಾಜು ಬರೆಯುವುದರ ಲಾಭ ಯಾರಿಗೆ ಅನ್ನುವುದನ್ನು ಹೇಳುತ್ತಿದ್ದೇನೆ.

ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡುವುದು. ನೀರಿನ ಗುಣದ ಬಗ್ಗೆ ಜಗಳ ಇದೆ, ಕೋರ್ಟಿಗೂ ಹೋಗಿತ್ತು. ಆದರೆ 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದದ್ದು ನಿಜ. ಹಾಗಾಗಿ ಎಲ್ಲಾ ಘೋಷಣೆಯೂ ಗಾಳಿ ಅಂತ ನಾನು ಹೇಳಲಾರೆ.

ಶ್ರೀನಿವಾಸಪುರದ ರೈಲ್ವೆ ಕೋಚ್ ಫ್ಯಾಕ್ಟರಿ ಬಗ್ಗೆಯೂ ಕೇಳುತ್ತಾರೆ. 2014ರಲ್ಲಿ ಅಡಿಗಲ್ಲು ಬಿತ್ತು. ಅದು ಬಿದ್ದೇ ಇದೆ.

ಕೇಂದ್ರದ ಅಂದಾಜು ತಪ್ಪಿದರೆ ರಾಜ್ಯಕ್ಕೆ ಏನಾಗುತ್ತದೆ?

ಮೇಲಿನ ಕೆರೆ ತುಂಬದಿದ್ದರೆ ಕೆಳಗಿನ ಕೆರೆಗೆ ಕೋಡಿ ಹರಿಯುವುದಿಲ್ಲ. ಕೇಂದ್ರದ ತೆರಿಗೆಯಲ್ಲಿ ಪಾಲು ಇಷ್ಟು ಬರುತ್ತದೆ ಅಂತ ರಾಜ್ಯ ತನ್ನ ಬಜೆಟ್‌ನಲ್ಲಿ ಬರೆದುಕೊಂಡಿರುತ್ತದೆ. ಅಲ್ಲಿ ಕಡಿಮೆ ಆದರೆ ಇಲ್ಲಿ ರಂಧ್ರ. ಸಾಲದ್ದಕ್ಕೆ, ಈ ಪಾಲು ಯಾರಿಗೆಷ್ಟು ಅಂತ ಹೇಳುವ ಹಣಕಾಸು ಆಯೋಗದ 15ನೇ ಸರದಿಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. ಅದನ್ನು ಸರಿದೂಗಿಸಲು 2020-21ಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಅಂತ ಆಯೋಗವೇ ಹೇಳಿತು. ಕೊಡಲಿಲ್ಲ.

ಕೊರತೆಗೆಲ್ಲ ಗ್ಯಾರಂಟಿಗಳೇ ಕಾರಣ ಅಂತಾರೆ?

2025-26ರಲ್ಲಿ ಐದು ಗ್ಯಾರಂಟಿಗೆ 51,034 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಅವು ಇಲ್ಲದಿದ್ದರೆ ಈ ಕಲಂ ಉಳಿತಾಯದಲ್ಲಿ ಇರುತ್ತಿತ್ತು ಅನ್ನುವುದು ಗಣಿತ. ಕೊಡಬೇಕಾ ಬೇಡವಾ ಅನ್ನುವುದು ರಾಜಕೀಯ, ಅದಕ್ಕೆ ಮತ ಇದೆ. ಅಂದಾಜಿನ ದೃಷ್ಟಿಯಿಂದ ನೋಡಿದರೆ ಗೃಹಲಕ್ಷ್ಮಿ ಅಂಥದ್ದು ಲೆಕ್ಕ ಹಾಕಲು ಸುಲಭ: ಇಷ್ಟು ಜನ, ತಿಂಗಳಿಗೆ 2,000. ತಪ್ಪುವುದು ಜಾಸ್ತಿ ಆದಾಯದ ಕಡೆ.

ತಪ್ಪು ಅಂದಾಜು ಕೊಟ್ಟರೆ ಶಿಕ್ಷೆ ಇಲ್ವಾ?

ಇಲ್ಲ. ಕೇಂದ್ರದ ಕಾಯ್ದೆ 2003ರಲ್ಲಿ ಬಂತು. 2008-09ರೊಳಗೆ ಕೊರತೆ ಶೇ 3ಕ್ಕೆ ಇಳಿಸುವ ಗುರಿ ಇತ್ತು. ಆ ವರ್ಷ ಏನಾಯಿತು ಅಂತ ಮೇಲೆ ಬರೆದಿದ್ದೇನೆ. ಗುರಿ ಮುಂದಕ್ಕೆ ಹಾಕಲು ತಿದ್ದುಪಡಿ ತರುತ್ತಾರೆ, ಅಷ್ಟೇ. ಕೋವಿಡ್ ಹೊತ್ತಿನಲ್ಲಿ ರಾಜ್ಯವೂ ಮಿತಿ ಸಡಿಲ ಮಾಡಿಕೊಂಡಿತು.

ಅಂದಾಜು ಹಾಕುವವರೇ ಬೇರೆ ಇರಬೇಕು, ಖರ್ಚು ಮಾಡುವವರೇ ಬೇರೆ ಇರಬೇಕು ಅನ್ನುವುದು ಹಳೇ ಮಾತು. ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಸ್ವತಂತ್ರ ವಿತ್ತೀಯ ಮಂಡಳಿ ಬೇಕು ಅಂತ ಶಿಫಾರಸು ಮಾಡಿತು. ಅದಕ್ಕೂ ಮುಂಚೆ ಹಣಕಾಸು ಆಯೋಗಗಳೂ ಹೇಳಿದ್ದವು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು (ಸಿಎಜಿ) ಇದ್ದಾರಲ್ಲ ಅನ್ನಬಹುದು. ಅವರು ಬರುವುದು ಎಲ್ಲಾ ಮುಗಿದ ಮೇಲೆ.

ಸ್ವತಂತ್ರ ಸಂಸ್ಥೆ ಇದ್ದರೆ ಅಂದಾಜು ಸರಿ ಬರುತ್ತಾ?

ಅದೂ ಗ್ಯಾರಂಟಿ ಇಲ್ಲ. ಅಮೆರಿಕದಲ್ಲಿ ಸಂಸತ್ತಿಗೆಂದೇ ಒಂದು ಬಜೆಟ್ ಕಚೇರಿ ಇದೆ, ಪಕ್ಷದ ಹಂಗಿಲ್ಲ. 2001ರ ಜನವರಿಯಲ್ಲಿ ಅವರು ಮುಂದಿನ ಹತ್ತು ವರ್ಷದಲ್ಲಿ 5.6 ಲಕ್ಷ ಕೋಟಿ ಡಾಲರ್ ಉಳಿತಾಯ ಆಗುತ್ತದೆ ಅಂದರು. ಆಮೇಲೆ ತೆರಿಗೆ ಇಳಿಸಿದರು, ಯುದ್ಧ ಮಾಡಿದರು, ಬ್ಯಾಂಕು ಮುಳುಗಿದವು. ಆದದ್ದು ಲಕ್ಷಾಂತರ ಕೋಟಿ ಡಾಲರ್ ಕೊರತೆ. ಆದರೆ ಒಂದು ವ್ಯತ್ಯಾಸ ಇದೆ. ತಮ್ಮ ಅಂದಾಜು ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಅಂತ ಅವರೇ ಬರೆದು ಪ್ರಕಟಿಸುತ್ತಾರೆ. ಪೆನ್ಸಿಲ್ ಪಕ್ಕ ಪೆನ್ನು.

ಕೊರತೆ ಜಾಸ್ತಿ ಆದರೆ ನನಗೇನು?

ಬಜೆಟ್ ಮುಗಿದ ಮೇಲೆ ಬರುವ ಸುದ್ದಿಗಳನ್ನು ನೋಡಿ. 2024ರ ಫೆಬ್ರುವರಿಯಲ್ಲಿ ರಾಜ್ಯ ಬಜೆಟ್ ಆಯಿತು. ಜೂನ್‌ನಲ್ಲಿ, ಲೋಕಸಭೆ ಚುನಾವಣೆ ಮುಗಿದ ಮೇಲೆ, ಪೆಟ್ರೋಲ್ ಡೀಸೆಲ್ ಮೇಲಿನ ತೆರಿಗೆ ಏರಿತು. ಲೀಟರಿಗೆ 3 ರೂಪಾಯಿ ಮೇಲೆ ಹೋಯಿತು. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಬಸ್ಸಿನದ್ದು ಸಾರಿಗೆ ನಿಗಮಗಳ ಲೆಕ್ಕ, ಅಲ್ಲಿ ಬೇರೆ ಕಾರಣಗಳೂ ಇವೆ. ಆದರೂ ಅಂದಾಜು ತಪ್ಪಿದ್ದು ಜನಕ್ಕೆ ಗೊತ್ತಾಗುವುದು ಪೆಟ್ರೋಲ್ ಬಂಕಿನಲ್ಲಿ, ಬಸ್ ಟಿಕೆಟ್ಟಿನಲ್ಲಿ. ಕೇಂದ್ರದ್ದಾದರೆ ಬಡ್ಡಿ ನೋಡಿ: 2025-26ಕ್ಕೆ 12.76 ಲಕ್ಷ ಕೋಟಿ. ಆ ದುಡ್ಡಿಗೆ ಕಾಲುವೆ ಬರುವುದಿಲ್ಲ.

ನಾನೇ ನೋಡಬೇಕು ಅಂದರೆ ಎಲ್ಲಿ ನೋಡಲಿ?

ರಾಜ್ಯದ ಹಣಕಾಸು ಇಲಾಖೆಯ ವೆಬ್‌ಸೈಟ್‌ನಲ್ಲಿ ಎಲ್ಲಾ ಪುಸ್ತಕ ಇದೆ, ಕನ್ನಡದಲ್ಲೂ ಇದೆ. ಭಾಷಣ ಬಿಟ್ಟುಬಿಡಿ. ನಿಮಗೆ ಬೇಕಾದ ಒಂದೇ ಬಾಬ್ತು ಆರಿಸಿಕೊಳ್ಳಿ: ರೇಷ್ಮೆ, ಸಣ್ಣ ನೀರಾವರಿ, ಯಾವುದಾದರೂ. ಮೂರು ವರ್ಷದ ಬಜೆಟ್ ಅಂದಾಜು, ಅದರ ಪಕ್ಕ ವಾಸ್ತವ ಲೆಕ್ಕ ಬರೆದುಕೊಳ್ಳಿ. ಶಿಡ್ಲಘಟ್ಟದ ಒಬ್ಬ ರೀಲರ್, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಹೀಗೇ ರೇಷ್ಮೆಯದ್ದು ಬರೆದು ತಂದಿದ್ದರು, ಬೀಡಿ ಕಟ್ಟಿನ ಹಿಂಭಾಗದಲ್ಲಿ. ನನಗೆ ಅಷ್ಟು ಚೆನ್ನಾಗಿ ವಿವರಿಸಲು ಬರುವುದಿಲ್ಲ. ವರ್ಷದ ನಡುವೆ ನೋಡಬೇಕಾದರೆ ಮಹಾಲೇಖಪಾಲರು ಪ್ರತಿ ತಿಂಗಳೂ ರಾಜ್ಯದ ಲೆಕ್ಕ ಪ್ರಕಟಿಸುತ್ತಾರೆ. ಡಿಸೆಂಬರ್ ಹೊತ್ತಿಗೆ ಬಂಡವಾಳ ವೆಚ್ಚ ಬಜೆಟ್‌ನ ಅರ್ಧವನ್ನೂ ಮುಟ್ಟಿಲ್ಲ ಅಂದರೆ ಯಾರದೋ ಕಾಲುವೆ ನಿಂತಿದೆ ಅಂತ ಅರ್ಥ ಮಾಡಿಕೊಳ್ಳಿ.

ಸರಿ, ಮುಂದಿನ ಬಜೆಟ್‌ನಲ್ಲಿ ರಾಜ್ಯದ ಕೊರತೆ ಎಷ್ಟು ಅಂತ ನೀವೇ ಒಂದು ಅಂದಾಜು ಹೇಳಿ.

ಶೇ 3ರ ಒಳಗೆ, 3ಕ್ಕೆ ತೀರಾ ಹತ್ತಿರ. ಮಂಡಿಯಲ್ಲಿ ಈ ಪಂದ್ಯ ಕಟ್ಟಿ ಎರಡು ಸಲ ಕಾಫಿ ಗೆದ್ದಿದ್ದೇನೆ. ವಾಸ್ತವ ಲೆಕ್ಕ ಎಷ್ಟು ಬರುತ್ತದೆ ಅಂತ ಪಂದ್ಯ ಕಟ್ಟಲು ಮಾತ್ರ ಯಾರೂ ಬರುತ್ತಿಲ್ಲ. ಗೆದ್ದ ಕಾಫಿಗೆ ಒಂದೂವರೆ ವರ್ಷ ಕಾಯಬೇಕಲ್ಲ.